ಹದಿನೈದು ಪೈಪುಗಳ ಭಾರ

ಕಳೆದ ವರ್ಷ ಯುಗಾದಿ ಮುಗಿದು ಹತ್ತು ದಿನವೂ ಆಗಿರಲಿಲ್ಲ, ಚಿತ್ತಾಪುರ ತಾಲ್ಲೂಕಿನ ನಮ್ಮ ಹೊಲದ ಕೊಳವೆಬಾವಿಯ ಮೋಟರು ನಿಂತುಹೋಯಿತು. ಸ್ಟಾರ್ಟರು, ಫ್ಯೂಸು ಎಲ್ಲ ಸರಿಯಾಗಿಯೇ ಇದ್ದುದರಿಂದ ತೊಂದರೆ 300 ಅಡಿ ಕೆಳಗಿದೆ ಎಂಬುದು ಖಚಿತವಾಯಿತು. ಹದಿನೈದು ಕಬ್ಬಿಣದ ಪೈಪುಗಳ ತುದಿಯಲ್ಲಿ ತೂಗುತ್ತಿದ್ದ ಮೋಟರನ್ನು ಮೇಲೆತ್ತದೆ ಬೇರೆ ದಾರಿಯಿರಲಿಲ್ಲ.

ಹೊಲ ನೋಡಿಕೊಳ್ಳುವವನು ತಮ್ಮ. ನಾನು ಕಲಬುರಗಿಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಮೋಟರು ಎತ್ತಲು ಬಂದ ಮಿಸ್ತ್ರಿ ತನ್ನ ಇಬ್ಬರು ಹುಡುಗರೊಂದಿಗೆ ಟಂಟಂ ಗಾಡಿಯಿಂದ 25 ಅಡಿ ಎತ್ತರದ ಮುಕ್ಕಾಲಿಯ ಕಂಬಗಳನ್ನೂ, ಎರಡು ಗಡಗಡಿಗಳನ್ನೂ, ಎರಡು ಕಡೆ ಹಿಡಿಕೆಯಿರುವ ಒಂದು ಹಳೆಯ ಕೈವಿಂಚನ್ನೂ ಇಳಿಸುವಾಗ ನನಗೆ ಸ್ವಲ್ಪ ನಿರಾಶೆಯೇ ಆಯಿತು. ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು. ಹಗ್ಗವನ್ನು ಗಡಗಡಿಯ ಮೇಲಿಂದ ತಂದು ಟ್ರ್ಯಾಕ್ಟರಿಗೆ ಕಟ್ಟಿ ಮುಂದೆ ಓಡಿಸಿದರೆ ಒಂದು ತಾಸಿನಲ್ಲಿ ಮುಗಿಯುವ ಕೆಲಸವಲ್ಲವೇ ಎಂದು ಕೇಳಿದೆ.

"ಟ್ರ್ಯಾಕ್ಟರಿಗಿ ಕೈ ಇಲ್ರಿ ಮಾಸ್ತರ್ರ," ಎಂದ ಮಿಸ್ತ್ರಿ. "ತೆಳಗ ಏನರ ತಟ್ಟಿದ್ರ ಅದಕ ಗೊತ್ತಾಗಂಗಿಲ್ಲ. ಹಗ್ಗಕ್ಕ ಗೊತ್ತಾಗ್ತದ."

ಆ ಮಾತಿನ ಅರ್ಥ ಮಧ್ಯಾಹ್ನದ ಹೊತ್ತಿಗೆ ನನಗೆ ತಿಳಿಯಿತು.

ಮುಕ್ಕಾಲಿ ನಿಲ್ಲಿಸುವುದಕ್ಕೇ ಒಂದು ತಾಸು ಹಿಡಿಯಿತು. ನಮ್ಮದು ಎರೆಭೂಮಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ, ಭಾರ ಬಿದ್ದರೆ ಕಂಬದ ಕಾಲು ಒಳಗಿಳಿಯುತ್ತದೆ. ಅದಕ್ಕಾಗಿ ಪ್ರತಿಯೊಂದು ಕಾಲಿನ ಅಡಿಗೂ ಒಂದೊಂದು ಶಹಾಬಾದ್ ಫರಸಿ ಹಾಸಿದೆವು. ನಮ್ಮ ಕಡೆ ನೆಲಕ್ಕೆ, ಮಾಳಿಗೆಗೆ, ದನದ ಗೋದಲಿಗೂ ಇದೇ ಕಲ್ಲು, ಹೀಗಾಗಿ ಅದರ ಮೇಲೆ ನಮಗಿರುವ ನಂಬಿಕೆ ದೊಡ್ಡದು. ಕಾಲುಗಳು ಹೊರಗೆ ಜಾರದಂತೆ ಮೂರನ್ನೂ ಸುತ್ತಿ ಹಗ್ಗ ಬಿಗಿದರು. ಮಿಸ್ತ್ರಿ ತಂತಿ ಹಗ್ಗವನ್ನು ಉದ್ದಕ್ಕೂ ಬಿಚ್ಚಿ, ಕೈಗೆ ಗೋಣಿಬಟ್ಟೆ ಸುತ್ತಿಕೊಂಡು ಸವರುತ್ತ ಹೋದ. ಎಳೆ ಹರಿದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆಯಂತೆ. ಹಗ್ಗದ ತುದಿಯ ಮಡಿಕೆಗೆ ಹಾಕಿದ್ದ ಮೂರು ಕ್ಲಿಪ್ಪುಗಳಲ್ಲಿ ಒಂದು ತಿರುವುಮುರುವಾಗಿದ್ದುದನ್ನು ಕಂಡು ಹುಡುಗನನ್ನು ಬೈದು ಬಿಚ್ಚಿಸಿದ. ಕ್ಲಿಪ್ಪಿನ ಅಗಲವಾದ ತಳ ಭಾರ ಹೊರುವ ಎಳೆಯ ಕಡೆಗಿರಬೇಕು, ಬಾಗಿದ ಸರಳು ಬರಿದೆ ಉಳಿದ ತುಂಡಿನ ಕಡೆಗೆ. ಇಲ್ಲವಾದರೆ ಸರಳು ಭಾರದ ಎಳೆಯನ್ನೇ ಹಿಸುಕಿ ದುರ್ಬಲಗೊಳಿಸುತ್ತದೆ.

ನಾನು ಬೇವಿನ ನೆರಳಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಒಂದೂವರೆ ಇಂಚಿನ ಪೈಪು 20 ಅಡಿಗೆ ಸುಮಾರು 22 ಕಿಲೋ, ಹದಿನೈದಕ್ಕೆ 330. ಒಳಗೆ ನಿಂತ ನೀರು ಸುಮಾರು 120 ಕಿಲೋ, ಮೋಟರು, ಪಂಪು, ಕೇಬಲ್ಲು ಸೇರಿ ಮೊತ್ತ 550ಕ್ಕೆ ಹತ್ತಿರ. ವಿಂಚಿನ ಹಿಡಿಕೆಯ ತೋಳು 40 ಸೆಂಟಿಮೀಟರ್, ಹಗ್ಗ ಸುತ್ತಿಕೊಳ್ಳುವ ಡ್ರಮ್ಮಿನ ತ್ರಿಜ್ಯ 5; ಅಲ್ಲಿಗೆ ಎಂಟು ಪಟ್ಟು. ಹಿಡಿಕೆ ಐದು ಸುತ್ತು ತಿರುಗಿದರೆ ಡ್ರಮ್ಮು ಒಂದು ಸುತ್ತು. ಅಲ್ಲಿಗೆ ನಲವತ್ತು ಪಟ್ಟು. ಘರ್ಷಣೆಗೆ ಹೋದದ್ದು ಹೋಗಲಿ, ಪೈಪಿನ ಜೊತೆಗೇ ಚಲಿಸುವ ಇನ್ನೊಂದು ಗಡಗಡಿ ಸೇರಿಸಿದ್ದರಿಂದ ಹಗ್ಗದ ಮೇಲಿನ ಭಾರ ಅರ್ಧವಾಗಿತ್ತು. ಆದರೆ ಈ ಉಳಿತಾಯಕ್ಕೆ ಬೆಲೆ ತೆರಬೇಕು: ಪೈಪು 20 ಅಡಿ ಏರಲು 40 ಅಡಿ ಹಗ್ಗ ಸುತ್ತಬೇಕು, ಅಂದರೆ ಹಿಡಿಕೆಯನ್ನು ಹತ್ತಿರಹತ್ತಿರ 200 ಸಲ ತಿರುಗಿಸಬೇಕು. ಹಗ್ಗ ಪದರದ ಮೇಲೆ ಪದರ ಕೂತಂತೆ ಡ್ರಮ್ಮು ದಪ್ಪವಾಗುವುದರಿಂದ ಸುತ್ತು ಕಡಿಮೆಯಾಗುತ್ತದೆ, ಆದರೆ ಹಿಡಿಕೆ ಅಷ್ಟೇ ಬಿಗಿಯಾಗುತ್ತದೆ. ತರಗತಿಯಲ್ಲಿ ಗಾಲಿ ಮತ್ತು ಅಚ್ಚನ್ನು ಕಲಿಸುವಾಗ ಈ ಪದರದ ಸಂಗತಿಯನ್ನು ನಾನು ಒಮ್ಮೆಯೂ ಹೇಳಿರಲಿಲ್ಲ.

ಕೆಲಸದ ಕ್ರಮ ಸರಳವಾಗಿತ್ತು. ಒಂದು ಪೈಪು ಪೂರ್ತಿ ಮೇಲೆ ಬಂದ ಕೂಡಲೇ ಅದರ ಬುಡದ ಕೆಳಗೆ ಎರಡು ಹೋಳಿನ ಕಬ್ಬಿಣದ ಕ್ಲಾಂಪು ಬಿಗಿದು, ಅದನ್ನು ಕೇಸಿಂಗಿನ, ಅಂದರೆ ಬಾವಿಯ ಬಾಯಿಗೆ ಇಳಿಸಿದ ಅಗಲದ ಹೊರಪೈಪಿನ, ಬಾಯಿಯ ಮೇಲೆ ಕೂರಿಸಿ, ಭಾರವನ್ನು ಹಗ್ಗದಿಂದ ಕ್ಲಾಂಪಿಗೆ ದಾಟಿಸಬೇಕು. ಆಮೇಲೆ ಮೇಲಿನ ಪೈಪನ್ನು ಪಾನಾದಿಂದ ತಿರುವಿ ಬಿಚ್ಚಬೇಕು. ಪ್ರತಿ ಸಲ ಬಿಚ್ಚಿದಾಗಲೂ ಪೈಪಿನೊಳಗಿನ ನೀರು ಸುರಿದು ಮೈ ತೋಯಿಸುತ್ತಿತ್ತು. ಆ ಬಿಸಿಲಿನಲ್ಲಿ ಅದಕ್ಕೆ ಯಾರೂ ಬೇಸರಪಡಲಿಲ್ಲ.

ಹುಡುಗರು ದಣಿದರೆಂದು ಐದನೆಯ ಪೈಪಿಗೆ ಒಂದು ಹಿಡಿಕೆಯನ್ನು ನಾನೇ ಹಿಡಿದೆ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ಕಬ್ಬಿಣದ ನಾಲಗೆ ಹಲ್ಲುಗಾಲಿಯ ಮೇಲೆ ಟಕ್ ಟಕ್ ಎಂದು ಬೀಳುತ್ತಿತ್ತು. ಆರೇಳು ಅಡಿ ಏರಿರಬೇಕು, ಹಿಡಿಕೆ ಇದ್ದಕ್ಕಿದ್ದಂತೆ ಬಿಗಿಯಿತು. ಗೋಡೆಯನ್ನು ತಳ್ಳಿದಂತಲ್ಲ, ನೆಂದ ಹಗ್ಗವನ್ನು ಹಿಂಡಿದಂತೆ. ಮಿಸ್ತ್ರಿ ಕೈ ಎತ್ತಿ ನಿಲ್ಲಿಸಿದ. ಟ್ರ್ಯಾಕ್ಟರು ಕಟ್ಟಿದ್ದರೆ ಆ ಹೊತ್ತಿಗೆ ಇನ್ನೂ ಎರಡು ಮಾರು ಮುಂದೆ ಹೋಗಿರುತ್ತಿತ್ತು. ಹರಿಯುವುದು ಹಗ್ಗವೋ ಪೈಪಿನ ಜೋಡಣೆಯೋ ಎಂಬುದಷ್ಟೇ ಪ್ರಶ್ನೆ.

ಅರ್ಧ ಅಡಿ ಕೆಳಗಿಳಿಸಿ ನೋಡೋಣ ಎಂದ. ಅದಕ್ಕೆ ಮುಂಚೆ ಕೇಸಿಂಗಿನ ಬಾಯಿಯಿಂದ ಅರ್ಧ ಅಡಿ ಮೇಲೆ ಪೈಪಿಗೆ ಕ್ಲಾಂಪು ಬಿಗಿಸಿದ. ಇದು ಅನಗತ್ಯವೆಂದೇ ನನಗೆ ಅನಿಸಿತ್ತು. ಹುಡುಗ ನಾಲಗೆಯನ್ನು ಎತ್ತಿದ. ಅಲ್ಲಿಯವರೆಗೆ ನಾಲಗೆ ತಡೆದಿದ್ದ ಭಾರವೆಲ್ಲ ಹಿಡಿಕೆಗೆ ಬಂತು. ಬೆವರಿದ ನನ್ನ ಅಂಗೈ ಜಾರಿತು. ಎದುರಿನವನೊಬ್ಬನಿಂದ ತಡೆಯಲಾಗಲಿಲ್ಲ, ಅವನು ಬಿಟ್ಟು ಹಿಂದೆ ಹಾರಿದ. ಹಿಡಿಕೆ ಗಿರ್ರನೆ ಹಿಂದಕ್ಕೆ ತಿರುಗಿ ನನ್ನ ಮುಂಗೈಗೆ ಬಡಿಯಿತು. ಮರುಕ್ಷಣವೇ ಕ್ಲಾಂಪು ಕೇಸಿಂಗಿನ ಮೇಲೆ ಕೂತ ಸದ್ದಿಗೆ ಬೇವಿನಲ್ಲಿದ್ದ ಗಿಳಿಗಳೆಲ್ಲ ಎದ್ದವು. ಭಾರ ಬಿದ್ದದ್ದು ಅರ್ಧ ಅಡಿ ಮಾತ್ರ. ಆ ಕ್ಲಾಂಪು ಇಲ್ಲದಿದ್ದರೆ ನಮ್ಮ ಪೈಪು, ಪಂಪು, ಮೋಟರು ಎಲ್ಲವೂ ಕೊಳವೆಬಾವಿಯ ತಳದಲ್ಲಿರುತ್ತಿದ್ದವು.

"ಬೆರಳ ಆಡಸ್ರಿ ಮಾಸ್ತರ್ರ," ಎಂದ ಮಿಸ್ತ್ರಿ. ಆಡಿಸಿದೆ. ಮೂಳೆ ಮುರಿದಿರಲಿಲ್ಲ. ಅವನು ಆಗಲೇ ಮುಕ್ಕಾಲಿಯ ಕಡೆ ನಡೆದಿದ್ದ. ಬಡಗಣ ಕಾಲಿನ ಫರಸಿ ಸರಿಯಾಗಿ ನಡುವೆ ಸೀಳಿತ್ತು. ಅಡಿಯಲ್ಲಿ ಎರೆಯ ಬಿರುಕು ಹಾದುಹೋಗಿದ್ದುದನ್ನು ನಾವು ನೋಡಿಯೇ ಇರಲಿಲ್ಲ. ಸಮನಾಗಿ ಕೂತರೆ ಎಷ್ಟು ಭಾರವನ್ನಾದರೂ ತಾಳುವ ಈ ಕಲ್ಲು, ಅಡಿ ಪೊಳ್ಳಾಗಿದ್ದರೆ ಬಿಸ್ಕಿಟ್ಟಿನಂತೆ ಒಡೆಯುತ್ತದೆ. ಬಿರುಕಿಗೆ ಮರಳು ತುಂಬಿ, ದಪ್ಪ ಹಲಗೆ ಹಾಸಿ, ಅದರ ಮೇಲೆ ಬೇರೆ ಕಲ್ಲು ಇಟ್ಟೆವು. ಡ್ರಮ್ಮಿನಲ್ಲಿ ಸಡಿಲವಾಗಿ ಗೋಜಲಾಗಿದ್ದ ಹಗ್ಗವನ್ನು ಪೂರ್ತಿ ಬಿಚ್ಚಿ, ಒಬ್ಬರು ಬಿಗಿಯಾಗಿ ಎಳೆದು ಹಿಡಿದಂತೆ ಮತ್ತೆ ಸುತ್ತಿದ್ದಾಯಿತು.

ಆಮೇಲೆ ಮಿಸ್ತ್ರಿ ಪೈಪಿಗೆ ಪಾನಾ ಹಾಕಿ ಸ್ವಲ್ಪಸ್ವಲ್ಪವೇ ತಿರುವುತ್ತ ಎತ್ತಿಸಿದ. ಆದರೆ ಬಿಗಿಯುವ ಕಡೆಗೆ ಮಾತ್ರ. ಬಿಚ್ಚುವ ಕಡೆಗೆ ತಿರುವಿದರೆ ಕಾಣದ ಆಳದಲ್ಲಿ ಯಾವುದೋ ಜೋಡಣೆ ಕಳಚಿಕೊಳ್ಳಬಹುದು. ಮೂರನೆಯ ಪ್ರಯತ್ನಕ್ಕೆ ಹಿಡಿಕೆ ಹಗುರಾಯಿತು. ಮೇಲೆ ಬಂದಾಗ ನೋಡಿದರೆ, ಕಟ್ಟು ಹರಿದ ಕೇಬಲ್ಲು ಜೋತು ಮಡಿಚಿಕೊಂಡು ಪೈಪಿನ ಪಕ್ಕದಲ್ಲಿ ಸಿಕ್ಕಿಕೊಂಡಿತ್ತು. ಏಳು ಪೈಪು ಬಿಚ್ಚಿದ ಬಳಿಕ ಭಾರ ಇಳಿದಿದ್ದರಿಂದ ಚಲಿಸುವ ಗಡಗಡಿಯನ್ನು ತೆಗೆದುಹಾಕಿದರು, ಕೆಲಸ ದುಪ್ಪಟ್ಟು ವೇಗವಾಯಿತು. ಹೊತ್ತು ಮುಳುಗುವ ಮುನ್ನ ಸುಟ್ಟ ವಾಸನೆಯ ಮೋಟರು ಗೋಣಿತಟ್ಟಿನ ಮೇಲೆ ಮಲಗಿತ್ತು.

ಮೂರನೆಯ ದಿನ ವೈಂಡಿಂಗ್ ಮಾಡಿಸಿ ತಂದ ಮೋಟರನ್ನು ಇಳಿಸುವಾಗ ಯಾರೂ ನನಗೆ ಹಿಡಿಕೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಊದಿದ ಮುಂಗೈಗೆ ಅರಿಶಿನ ಹಚ್ಚಿಕೊಂಡು ಕೇಸಿಂಗಿನ ಪಕ್ಕ ಕುಳಿತು, ಹದಿನೈದು ಸಲವೂ ಕ್ಲಾಂಪಿನ ನಟ್ಟುಗಳನ್ನು ಪಾನಾ ಹಾಕಿ ಬಿಗಿದೆ. ಪ್ರತಿ ಸಲವೂ ಮಿಸ್ತ್ರಿ ಬಂದು ಇನ್ನೊಂದು ಅರ್ಧ ಸುತ್ತು ಬಿಗಿದು ಹೋಗುತ್ತಿದ್ದ.