ಬೇರು ನೋಡಿದ ಭಾನುವಾರ

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಪೂರ್ವದ ಕಿಟಕಿ ಹತ್ತಿರ ನಾಲ್ಕು ಕಳ್ಳಿ, ಎರಡು ಜೇಡ್ ಗಿಡ, ಒಂದೇ ಒಂದು ಆರ್ಕಿಡ್. ಆರ್ಕಿಡ್ ತಂದದ್ದು ಹಿಂದಿನ ದಸರಾದಲ್ಲಿ, ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಬರುವಾಗ. ಫಲನಾಪ್ಸಿಸ್ ಜಾತಿ, ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಬಿಳಿ ಹೂ. ದಸರಾಕ್ಕೆ ಅರಳಿದ್ದು ಕಾರ್ತಿಕ ಮುಗಿದರೂ ಬಾಡಿರಲಿಲ್ಲ. ಅಷ್ಟು ದಿನ ನಿಲ್ಲುವ ಹೂವನ್ನು ನಾನು ಬೇರೆ ಯಾವ ಗಿಡದಲ್ಲೂ ನೋಡಿಲ್ಲ.

ಆಷಾಢದಲ್ಲಿ ಅದರ ಎಲೆಗಳು ಜೋತುಬಿದ್ದವು. ನೀರು ಸಾಲದೇನೋ ಅಂದುಕೊಂಡು ದಿನಾ ತುಳಸಿಗೆ ಹಾಕುವಾಗ ಅದಕ್ಕೂ ಒಂದು ಲೋಟ ಹಾಕಿದೆ. ಎಲೆ ಇನ್ನೂ ಸುಕ್ಕಾಯಿತು. ಇನ್ನೊಂದು ಲೋಟ ಹಾಕಿದೆ. ಹೊರಗೆ ಸೋನೆ ಮಳೆ, ವಾರವೆಲ್ಲಾ ಬಿಸಿಲಿಲ್ಲ. ಕುಂಡ ಒಣಗುತ್ತಲೇ ಇಲ್ಲ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಆ ಭಾನುವಾರ ತೀರ್ಥಹಳ್ಳಿಯಿಂದ ಅತ್ತೆ ಬಂದಿದ್ದರು. ಕಾಫಿ ಲೋಟ ಹಿಡಿದುಕೊಂಡೇ ಗಿಡದ ಹತ್ತಿರ ಬಗ್ಗಿ ನೋಡಿದರು. "ನೋಡಮ್ಮ, ಇದು ಮಣ್ಣಿನ ಗಿಡ ಅಲ್ಲ, ಮರದ ಮೇಲಿನದು. ನಮ್ಮ ಹಲಸಿನ ಮರದ ಸೀತಾಳೆ ದಂಡೆಯ ಹಾಗೆ, ಅದೂ ಆರ್ಕಿಡ್ಡೇ. ಅದಕ್ಕೆ ಯಾರು ದಿನಾ ನೀರು ಹಾಕ್ತಾರೆ? ಮಳೆ ಬರುತ್ತೆ, ಗಾಳಿ ಬರುತ್ತೆ, ಒಣಗುತ್ತೆ. ಮೊದಲು ಬೇರು ತೆಗೆದು ನೋಡು."

ಅದು ಬಂದಳಿಕೆಯ ಹಾಗೆ ಮರದ ರಸ ಹೀರುತ್ತದೆ ಅಂತ ನಾನು ತಿಳಿದಿದ್ದೆ. ಇಲ್ಲವಂತೆ. ಮರ ಸುಮ್ನೆ ಕೂರಲಿಕ್ಕೆ ಜಾಗ ಕೊಡುತ್ತದೆ, ಅಷ್ಟೇ.

ಕುಂಡ ಮಗುಚಿದೆ. ಒಳಗೆ ನರ್ಸರಿಯವರು ಗಟ್ಟಿಯಾಗಿ ತುಂಬಿದ್ದ ಪಾಚಿ, ಒದ್ದೆ ಬಟ್ಟೆ ಹಾಗೆ. ಹಿಂಡಿದರೆ ನೀರು ಸುರಿಯಿತು, ಕೊಳೆತ ವಾಸನೆ ಬಂತು. ಬೇರುಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿದೆ. ಕಂದು ಬಣ್ಣದವು ಪುಸಕ್ಕನೆ ಅಮುಕಿಕೊಂಡವು, ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಕೈಯಲ್ಲಿ ಉಳಿಯಿತು. ಗಟ್ಟಿಯಾಗಿ ಉಳಿದವು ಮೂರೇ. ನೀರು ಹೀರುವ ಬೇರೇ ಕೊಳೆತ ಮೇಲೆ ಎಲೆಗೆ ನೀರು ಹೋಗುವುದು ಹೇಗೆ? ನೆನೆದು ಸಾಯುತ್ತಿದ್ದ ಗಿಡ ನೋಡಲು ಒಣಗಿದ ಗಿಡದ ಹಾಗೇ ಇತ್ತು. ನನಗೆ ತುಂಬಾ ಸಂಕಟವಾಯಿತು.

ಕತ್ತರಿಯನ್ನು ಗ್ಯಾಸ್ ಉರಿಗೆ ಹಿಡಿದು, ಆರಿಸಿ, ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಕತ್ತರಿಸಿದ ತುದಿಗೆ ಮಾತ್ರ ಚಕ್ಕೆ ಪುಡಿ ಸವರಿದೆ. ಒಳ್ಳೆ ಬೇರಿಗೆ ತಾಗಿದರೆ ಅದನ್ನೂ ಒಣಗಿಸಿಬಿಡುತ್ತದೆ. ಆಮೇಲೆ ಪಕ್ಕದಲ್ಲೂ ತೂತಿರುವ ಕುಂಡಕ್ಕೆ ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆ ತುಂಡು ಹಾಕಿ ಕೂರಿಸಿದೆವು. ಎರಡು ದಿನ ನೀರಿಲ್ಲ.

ಅತ್ತೆ ಕಳ್ಳಿಗಳ ಬುಡವನ್ನೂ ಒತ್ತಿ ನೋಡಿದರು. ಗಟ್ಟಿಯಾಗಿದ್ದವು. ಅವುಗಳ ಮಣ್ಣಲ್ಲಿ ಅರ್ಧ ಮರಳು, ನೀರೂ ಮೂರು ವಾರಕ್ಕೊಮ್ಮೆ. ಜೇಡ್ ಎಲೆಯೂ ತುಂಬಿಕೊಂಡಿತ್ತು.

ಆಮೇಲೆ ನಾನು ದಿನದ ಲೆಕ್ಕ ಬಿಟ್ಟು ಬೇರಿನ ಬಣ್ಣ ನೋಡಲು ಶುರು ಮಾಡಿದೆ. ಒಣಗಿದ್ದರೆ ಬೆಳ್ಳಿ ಬಣ್ಣ, ಒದ್ದೆಯಿದ್ದರೆ ಹಸಿರು. ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಬೆಳಿಗ್ಗೆ ಹತ್ತು ನಿಮಿಷ ಕುಂಡವನ್ನು ನೀರಲ್ಲಿಟ್ಟು ಪೂರ್ತಿ ಬಸಿಯುತ್ತೇನೆ. ಎಲೆಗಳ ನಡುವಿನ ಸುಳಿಯಲ್ಲಿ ನಿಂತ ನೀರನ್ನು ಬಟ್ಟೆ ಚುಂಗಿನಿಂದ ಒರೆಸುತ್ತೇನೆ. ಸುಳಿ ಕೊಳೆತರೆ ಗಿಡ ಉಳಿಯುವುದು ಕಷ್ಟ.

ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಬುಡದಲ್ಲಿ ಅಕ್ಕಿ ಕಾಳಿನಷ್ಟು ಹೊಸ ಬೇರು ಇಣುಕಿತ್ತು, ತುದಿ ಮಿರಿಮಿರಿ ಹಸಿರು. ಫೋಟೋ ಕಳಿಸಿದ ತಕ್ಷಣ ಅತ್ತೆ ಫೋನ್ ಮಾಡಿದರು.

"ಖುಷಿಗೆ ನೀರು ಹಾಕಿದ್ಯಾ ಏನು?"

"ಇಲ್ಲ ಅತ್ತೆ, ಹಳೇ ಬೇರು ಇನ್ನೂ ಹಸಿರಾಗೇ ಇದೆ."