ಮಗ ಜರ್ಮನಿಯಲ್ಲಿ, ಕಾರು ತೀರ್ಥಹಳ್ಳಿಯಲ್ಲಿ

ಮಕ್ಕಳು ಹೊರದೇಶದಲ್ಲಿರುವ ಮಲೆನಾಡಿನ ಮನೆಗಳ ಅಂಗಳ ನೋಡಿ. ಒಂದು ಕೆಎ-14 ಕಾರು ನಿಂತಿರುತ್ತದೆ, ಸಾಗರದ ಕಡೆಯಾದರೆ ಕೆಎ-15. ಆರ್‌ಸಿಯಲ್ಲಿ ಮಗನದೋ ಮಗಳದೋ ಹೆಸರು. ಓಡಿಸುವವರು ಅಪ್ಪ, ಇಲ್ಲವೇ ತಮ್ಮ, ಅಡಿಕೆ ಕೊಯ್ಲಿನ ಸಮಯದಲ್ಲಿ ಪಕ್ಕದ ಮನೆಯವರೂ ಒಮ್ಮೊಮ್ಮೆ. ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಸಾಲ ಮಾಡಿ ತೆಗೆದ ಕಾರು, ಆಮೇಲೆ ವೀಸಾ ಬಂತು, ಮಗ ವಿಮಾನ ಹತ್ತಿದ, ಕಾರು ಊರಿಗೆ ಬಂತು. ನಮ್ಮ ಮನೆಯ ಕಥೆಯೂ ಇದೇ. ಈ ಸಲ ಜರ್ಮನಿಯಿಂದ ರಜೆಗೆ ಬಂದ ನಾನು ಮೊದಲು ಮಾಡಿದ ಕೆಲಸ ಅಂದರೆ ಕಾರನ್ನು ಅಪ್ಪನ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಿದ್ದು. ಅಪ್ಪನಿಗೆ ಇದು ಅಷ್ಟು ಇಷ್ಟವಾಗಲಿಲ್ಲ. "ಮನೆ ಕಾರು ಯಾರ ಹೆಸರಲ್ಲಿದ್ದರೇನು ಮಾರಾಯ, ಸುಮ್ನೆ ಖರ್ಚು" ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ, ಯಾಕೆಂದರೆ ಊರಿಗೆ ಬಂದಾಗಿನಿಂದ ಇದನ್ನೇ ಕೇಳಿದವರು ಜಾಸ್ತಿ.

ನನಗೆ ಇದು ತಲೆಗೆ ಹೊಳೆದದ್ದು ಸ್ಟುಟ್‌ಗಾರ್ಟ್‌ನಲ್ಲಿ ಒಂದು ಹಳೇ ಕಾರು ಕೊಳ್ಳುವಾಗ. ಅಲ್ಲಿ ಇನ್ಶೂರೆನ್ಸ್ ಮೊದಲು, ನಂಬರ್ ಪ್ಲೇಟ್ ಆಮೇಲೆ. ಕಂಪನಿಯವರು ಏಳು ಅಕ್ಷರದ ಒಂದು ಕೋಡ್ ಕಳಿಸುತ್ತಾರೆ, ಅದಕ್ಕೆ ಏ-ಫಾವ್-ಬೇ ನಂಬರ್ ಅಂತಾರೆ. ಅದಿಲ್ಲದೆ ನೋಂದಣಿ ಕಚೇರಿಯಲ್ಲಿ ನಿಮ್ಮ ಫೈಲು ಮುಂದೆ ಹೋಗುವುದಿಲ್ಲ. ಕೋಡ್ ಜೊತೆಗೆ ಕಾರಿನ ಎರಡು ಕಾಗದ, ಅದರಲ್ಲಿ ಒಂದು ಗಾಡಿಯಲ್ಲಿ ಇಟ್ಟುಕೊಳ್ಳೋದು, ಇನ್ನೊಂದು ಮನೆಯಲ್ಲಿ ಭದ್ರವಾಗಿ ಇಡೋದು. ಗಾಡಿ ಓಡಿಸಲು ಯೋಗ್ಯ ಅನ್ನುವ ತಪಾಸಣೆ ವರದಿ ಬೇಕು. ತೆರಿಗೆ ನೇರ ಬ್ಯಾಂಕಿನಿಂದ ಎಳೆದುಕೊಳ್ಳಲು ಒಪ್ಪಿಗೆ ಪತ್ರ ಬೇಕು. ಗಾಡಿ ತೆರಿಗೆ ವಸೂಲಿ ಮಾಡೋದು ಅಲ್ಲಿ ಕಸ್ಟಮ್ಸ್ ಇಲಾಖೆ, ಯಾಕೋ ಏನೋ. ನಮ್ಮ ಪಾಸ್‌ಪೋರ್ಟಿನಲ್ಲಿ ಅಲ್ಲಿನ ವಿಳಾಸ ಇರುವುದಿಲ್ಲವಲ್ಲ, ಹಾಗಾಗಿ ವಿಳಾಸ ನೋಂದಣಿ ಪತ್ರವನ್ನೂ ಒಯ್ಯಬೇಕು. ಅದನ್ನು ಮನೆಯಲ್ಲೇ ಬಿಟ್ಟು ವಾಪಸ್ ಓಡುವ ಭಾರತೀಯರನ್ನು ಆ ಕಚೇರಿಯ ಬಾಗಿಲಲ್ಲಿ ಆಗಾಗ ನೋಡಬಹುದು.

ಕಚೇರಿಯ ಪಕ್ಕದಲ್ಲೇ ಪ್ಲೇಟ್ ಒತ್ತಿಕೊಡುವ ಅಂಗಡಿಗಳು. ಒಳಗೆ ನಂಬರ್ ಕೊಡುತ್ತಾರೆ, ನೀವು ಹೊರಗೆ ಬಂದು ಪ್ಲೇಟ್ ಮಾಡಿಸಿಕೊಂಡು ಮತ್ತೆ ಒಳಗೆ ಹೋಗಬೇಕು, ಅವರು ಅದರ ಮೇಲೆ ಸರ್ಕಾರಿ ಮುದ್ರೆಯ ಸ್ಟಿಕರ್ ಅಂಟಿಸುತ್ತಾರೆ. ಆ ಸ್ಟಿಕರ್ ಬಿದ್ದಾಗಲೇ ಕಾರು ರಸ್ತೆಗೆ ಇಳಿಯುವಂತಾಗೋದು. 10.20 ಯೂರೋ ಜಾಸ್ತಿ ಕೊಟ್ಟರೆ ಬೇಕಾದ ಅಕ್ಷರ, ಅಂಕೆ ಸಿಗುತ್ತದೆ. ನಮ್ಮಲ್ಲಿ ಫ್ಯಾನ್ಸಿ ನಂಬರಿಗೆ ಜನ ಹರಾಜು ಕೂಗೋದು ನೆನೆಸಿಕೊಂಡು ನಗು ಬಂತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ಶೂರೆನ್ಸ್ ಫಾರಂ. ಕಾರು ಯಾವುದು ಅಂತ ಒಂದು ಸಾಲಿನಲ್ಲಿ ಕೇಳಿ ಮುಗಿಸಿ, ಆಮೇಲೆ ಪೂರಾ ನಿಮ್ಮ ಬಗ್ಗೆಯೇ. ಯಾರು ಯಾರು ಓಡಿಸುತ್ತೀರಿ? ಅವರಲ್ಲಿ ಅತಿ ಚಿಕ್ಕವರ ವಯಸ್ಸೆಷ್ಟು? ವರ್ಷಕ್ಕೆ ಎಷ್ಟು ಕಿಲೋಮೀಟರ್? ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ, ಗ್ಯಾರೇಜಲ್ಲೋ ರಸ್ತೆಯಲ್ಲೋ? ಅಪಘಾತ ಮಾಡದೆ ಎಷ್ಟು ವರ್ಷ ಆಯಿತು? ಕೊನೆಯ ಪ್ರಶ್ನೆಗೆ ಅಲ್ಲಿ ಒಂದು ಶ್ರೇಣಿಯೇ ಇದೆ. ಕ್ಲೇಮ್ ಇಲ್ಲದ ವರ್ಷ ಹೆಚ್ಚಾದಂತೆ ಮೇಲೆ ಹೋಗುತ್ತೀರಿ, ಪ್ರೀಮಿಯಂ ಇಳಿಯುತ್ತದೆ. ಹೊಸದಾಗಿ ಹೋದವರು ಸಾಮಾನ್ಯವಾಗಿ ತೀರಾ ಕೆಳಗಿನಿಂದ ಶುರು ಮಾಡಬೇಕು. ಊರಿನಲ್ಲಿ ಹತ್ತು ವರ್ಷ ಆಗುಂಬೆ ಘಾಟಿ ಹತ್ತಿ ಇಳಿದಿದ್ದೀನಿ ಅಂದರೆ ಅವರಿಗೆ ಅದು ಲೆಕ್ಕಕ್ಕಿಲ್ಲ. ಕೆಲವು ಕಂಪನಿಗಳು ಹೊರದೇಶದ ಕ್ಲೇಮ್-ಇಲ್ಲ ಪತ್ರವನ್ನು ಪರಿಗಣಿಸುತ್ತವೆ, ಕೇಳಿದರೆ ಮಾತ್ರ. ಹೋಗುವ ಮುಂಚೆ ಇಲ್ಲಿಂದ ಅಂಥದ್ದೊಂದು ಪತ್ರ ಇಂಗ್ಲಿಷಿನಲ್ಲಿ ಮಾಡಿಸಿಕೊಂಡು ಹೋಗಿ, ನಷ್ಟವಿಲ್ಲ.

ಹಣ ಕಟ್ಟದಿದ್ದರೆ? ಕಂಪನಿಯವರು ನೋಂದಣಿ ಕಚೇರಿಗೆ ತಿಳಿಸುತ್ತಾರೆ. ಕಚೇರಿಯವರು ನೋಟಿಸ್ ಕಳಿಸುತ್ತಾರೆ, ಆಗಲೂ ಸುಮ್ಮನಿದ್ದರೆ ಬಂದು ಪ್ಲೇಟಿನ ಮೇಲಿನ ಆ ಮುದ್ರೆ ಕೆರೆದು ಹೋಗುತ್ತಾರೆ. ಮುಗೀತು, ಕಾರು ಇದ್ದಲ್ಲೇ ಇರುತ್ತದೆ.

ಡಿಎಲ್ ಬಗ್ಗೆಯೂ ಒಂದು ಮಾತು, ಚಿಕ್ಕಪ್ಪನ ಮಗ ಮ್ಯೂನಿಕ್‌ಗೆ ಹೊರಟಿದ್ದಾನೆ, ಅವನಿಗಾಗಿ. ನಮ್ಮ ಲೈಸೆನ್ಸು ಅಲ್ಲಿ ಮನೆ ಮಾಡಿದ ದಿನದಿಂದ 6 ತಿಂಗಳು ನಡೆಯುತ್ತದೆ. ಆಮೇಲೆ ಅಲ್ಲಿನ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಕೊಡಬೇಕು, ಕಣ್ಣಿನ ತಪಾಸಣೆ, ಪ್ರಥಮ ಚಿಕಿತ್ಸೆಯ ಕ್ಲಾಸು ಬೇರೆ. ಥಿಯರಿಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. 6 ತಿಂಗಳು ಕಳೆದ ಮೇಲೆ ನಮ್ಮ ಲೈಸೆನ್ಸಿನಲ್ಲಿ ಓಡಿಸಿದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದಂತೆ, ಇನ್ಶೂರೆನ್ಸ್‌ನವರೂ ಆಗ ನಿಮ್ಮ ಬೆನ್ನು ಬೀಳಬಹುದು. ಅವಸರ ಮಾಡೋ ಮಾರಾಯ, ಅಲ್ಲಿ ಟೆಸ್ಟಿಗೆ ದಿನ ಸಿಗೋದು ನಿಧಾನ.

ಈಗ ತೀರ್ಥಹಳ್ಳಿಗೆ ಬನ್ನಿ.

ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ ಒಮ್ಮೆ ಆದರೆ 15 ವರ್ಷ, ತೆರಿಗೆಯೂ ಒಟ್ಟಿಗೇ ಕಟ್ಟಿ ಮುಗಿಸಿರುತ್ತೇವೆ. ಇನ್ಶೂರೆನ್ಸ್ ಅದರ ಪಾಡಿಗೆ ಅದು. ಪಾಲಿಸಿ ಮುಗಿದರೂ ನಂಬರ್ ಪ್ಲೇಟ್ ಏನೂ ಆಗದೆ ಹೊಳೆಯುತ್ತಾ ಕೂತಿರುತ್ತದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷದ, ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ (ನಮ್ಮ ಗಾಡಿಯಿಂದ ಬೇರೆಯವರಿಗಾಗುವ ಹಾನಿಗೆ ಮಾಡಿಸುವ ಇನ್ಶೂರೆನ್ಸ್) ಒಟ್ಟಿಗೇ ಮಾಡಿಸಬೇಕು ಅಂತ ಆಗಿದೆ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಒಳ್ಳೆಯದೇ. ಆದರೆ ಇದರಲ್ಲೇ ಒಂದು ಸಿಕ್ಕು. ಥರ್ಡ್ ಪಾರ್ಟಿಗೆ ಒಂದು ಕೊನೇ ದಿನಾಂಕ, ನಮ್ಮ ಕಾರಿನ ಹಾನಿಗೆ ಮಾಡಿಸುವ ಓನ್ ಡ್ಯಾಮೇಜಿಗೆ ಇನ್ನೊಂದು. ಮೊದಲನೇದು 3 ವರ್ಷ, ಎರಡನೇದು ಹೆಚ್ಚಾಗಿ ವರ್ಷಕ್ಕೇ ಮುಗಿಯುತ್ತದೆ. "ಇನ್ಶೂರೆನ್ಸ್ ಇದೆ, 3 ವರ್ಷದ್ದು" ಅಂತ ಮನೆಯವರು ನಂಬಿ ಕೂತಿರುತ್ತಾರೆ. ಜೂನಿನಲ್ಲಿ ಹಲಸಿನ ಕೊಂಬೆ ಬಾನೆಟ್ ಮೇಲೆ ಬಿದ್ದಾಗಲೇ ಓನ್ ಡ್ಯಾಮೇಜ್ ಮುಗಿದ ತಾರೀಖು ಗೊತ್ತಾಗೋದು.

ನೆನಪೋಲೆ ಬರೋದು ಯಾರಿಗೆ? ಆರ್‌ಸಿಯಲ್ಲಿರುವವನ ಮೊಬೈಲಿಗೆ. ಆ ಸಿಮ್ ರೀಚಾರ್ಜ್ ಇಲ್ಲದೆ ಸತ್ತಿರುತ್ತದೆ, ಇಲ್ಲಾ ಅವನು ಮಲಗಿರುತ್ತಾನೆ. ಶಿವಮೊಗ್ಗದಲ್ಲಿ ಬೆಳಿಗ್ಗೆ ಹತ್ತೂವರೆಗೆ ಕೌಂಟರ್ ಮುಂದೆ ಅಪ್ಪ ನಿಂತು "ಒಟಿಪಿ ಬಂತಾ ನೋಡು" ಅಂತ ಫೋನ್ ಮಾಡಿದರೆ ಜರ್ಮನಿಯಲ್ಲಿ ಚಳಿಗಾಲದ ಬೆಳಿಗ್ಗೆ 6 ಗಂಟೆ. ದಂಡದ ಇ-ಚಲನ್ ಸಂದೇಶವೂ ಅದೇ ನಂಬರಿಗೆ. ನಂಬರ್ ಬದಲಾಯಿಸೋಣ ಅಂದರೆ ಅದಕ್ಕೂ ಒಟಿಪಿ.

ಇದೆಲ್ಲ ಕಿರಿಕಿರಿ ಅಷ್ಟೇ, ಹೇಗೋ ದಾಟಬಹುದು. ನಾನು ಹೆಸರು ಬದಲಾಯಿಸಲು ಹೊರಟದ್ದು ಬೇರೆ ಕಾರಣಕ್ಕೆ.

ಪಾಲಿಸಿ ಕಾಗದ ತೆಗೆದು ಓದಿ. ಪ್ರೀಮಿಯಂ ಪಟ್ಟಿಯಲ್ಲಿ, ಬೇಸಿಕ್ ಥರ್ಡ್ ಪಾರ್ಟಿಯ ಆಸುಪಾಸಿನಲ್ಲಿ, "ಪಿಎ ಓನರ್-ಡ್ರೈವರ್" ಅಂತ ಒಂದು ಸಾಲು ಇರುತ್ತದೆ, ಪಕ್ಕದಲ್ಲಿ 15,00,000. ಅಪಘಾತದಲ್ಲಿ ಜೀವ ಹೋದರೆ, ಶಾಶ್ವತ ಅಂಗವೈಕಲ್ಯ ಆದರೆ ಸಿಗುವ ಹಣ. ಅದು ಸಿಗೋದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕನಿಗೆ ಮಾತ್ರ, ಅದೂ ಅವನ ಡಿಎಲ್ ಚಾಲ್ತಿಯಲ್ಲಿದ್ದರೆ. ನಮ್ಮ ಮನೆಯಲ್ಲಿ ಆ ಮಾಲೀಕ ನಾನು. ಏಳು ಸಮುದ್ರದಾಚೆ ಕೂತವನಿಗೆ ವರ್ಷ ವರ್ಷ ಆ ಪ್ರೀಮಿಯಂ ಕಟ್ಟುತ್ತಿದ್ದೇವೆ, ದಿನಾ ಸ್ಟೇರಿಂಗ್ ಹಿಡಿಯುವ ಅಪ್ಪನಿಗೆ ಅದರಲ್ಲಿ ಒಂದು ಪೈಸೆ ಇಲ್ಲ. ಕಾರಿನಲ್ಲಿ ಕೂತವರಿಗೆ ಅಂತ ಬೇರೆ ಆಡ್-ಆನ್ ಇದೆ, ಮೊತ್ತ ಚಿಕ್ಕದು. ಬಸ್‌ಸ್ಟ್ಯಾಂಡ್ ಹತ್ತಿರದ ಏಜೆಂಟರ ಹತ್ತಿರ ಇದನ್ನೇ ಕೇಳಿದೆ. ಅವರು ಪ್ರಿಂಟರಿನಿಂದ ಬಿಸಿ ಬಿಸಿ ಕಾಗದ ಎಳೆದುಕೊಳ್ಳುತ್ತಾ, "ಅದು ನಿಮಗೆ ಸಾರ್, ನಿಮ್ಮ ತಂದೆಯವರಿಗೆ ಬರಲ್ಲ" ಅಂದರು, ಮಳೆ ಬರ್ತಿದೆ ಅನ್ನುವಷ್ಟೇ ಸಲೀಸಾಗಿ. ಇಷ್ಟು ವರ್ಷ ಹೇಳಲಿಲ್ಲ ಯಾಕೆ ಅಂದರೆ ಯಾರೂ ಕೇಳಲಿಲ್ಲ ಅಂದರು. ಸುಳ್ಳಲ್ಲ. ನಮ್ಮ ಫಾರಂ ಕಾರು ಯಾವ ವರ್ಷದ್ದು, ಎಷ್ಟು ಸಿಸಿ ಅಂತ ಕೇಳುತ್ತದೆ. ಓಡಿಸೋದು ಯಾರು ಅಂತ ನಮ್ಮನ್ನು ಯಾರೂ ಕೇಳಿರಲಿಲ್ಲ.

ಎರಡನೇದು ಕೋರ್ಟಿನ ವಿಷಯ. ಅಪ್ಪ ಓಡಿಸುವಾಗ ಯಾರಿಗಾದರೂ ಗಾಯವಾಯಿತು ಅಂದುಕೊಳ್ಳಿ, ಆಗದಿರಲಿ. ಪರಿಹಾರದ ಅರ್ಜಿ ಹಾಕುವಾಗ ಗಾಡಿಯ ಮಾಲೀಕನನ್ನೂ ಇನ್ಶೂರೆನ್ಸ್ ಕಂಪನಿಯನ್ನೂ ಪ್ರತಿವಾದಿ ಮಾಡುತ್ತಾರೆ. ಮಾಲೀಕನ ಹೆಸರಿಗೆ ಬರುವ ನೋಟಿಸಿಗೆ ಉತ್ತರ ಕೊಡಬೇಕಾದವನು ಸ್ಟುಟ್‌ಗಾರ್ಟ್‌ನಲ್ಲಿ. ಓಡಿಸಿದವರ ಡಿಎಲ್ ಮುಗಿದಿದ್ದರೆ ಇನ್ನೂ ಕಷ್ಟ. ಗಾಯಗೊಂಡವರಿಗೆ ಕಂಪನಿ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟುಗಳು ಎಷ್ಟೋ ಕೇಸಿನಲ್ಲಿ ಹೇಳಿವೆ. ಅಪ್ಪಂದಿರ ಡಿಎಲ್ ಮುಗಿದಿರೋದು ಅಪರೂಪವೇನಲ್ಲ. 55 ದಾಟಿದವರಿಗೆ 5 ವರ್ಷಕ್ಕೊಮ್ಮೆ ನವೀಕರಣ, ಡಾಕ್ಟರ ಸರ್ಟಿಫಿಕೇಟ್ ಬೇಕು. ಮುಗಿದು 1 ವರ್ಷ ದಾಟಿತೋ, ಮತ್ತೆ ಡ್ರೈವಿಂಗ್ ಟೆಸ್ಟ್. ನಲವತ್ತು ವರ್ಷ ಲಾರಿ, ಜೀಪು, ಟ್ರ್ಯಾಕ್ಟರ್ ಎಲ್ಲ ಓಡಿಸಿದವರನ್ನು ಟೆಸ್ಟಿಗೆ ನಿಲ್ಲಿಸಿದರೆ ಅವರ ಮುಖ ನೋಡಬೇಕು ನೀವು! ಇವತ್ತೇ ಮನೆಗೆ ಫೋನ್ ಮಾಡಿ ತಾರೀಖು ಕೇಳಿ.

ಹೆಸರು ಬದಲಾಯಿಸುವ ಕೆಲಸ ಜಾಸ್ತಿ ಏನಿಲ್ಲ. ಫಾರಂ 29 ಮತ್ತು 30, ಸಾಲ ಇತ್ತು ಅಂದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ. ಇನ್ಶೂರೆನ್ಸ್, ಎಮಿಷನ್ ಎರಡೂ ಚಾಲ್ತಿಯಲ್ಲಿರಬೇಕು. ಇಬ್ಬರೂ ಒಂದೇ ಊರಿನಲ್ಲಿ ಇರುವಾಗ, ಅಂದರೆ ರಜೆಯ ಮೊದಲ ವಾರದಲ್ಲೇ ಶುರು ಮಾಡಿ, ಕೊನೇ ವಾರದಲ್ಲಿ ಹಬ್ಬ, ಮದುವೆ, ಸರ್ಕಾರಿ ರಜೆ ಎಲ್ಲ ಒಟ್ಟಿಗೇ ಬರುತ್ತವೆ. ಇನ್ಶೂರೆನ್ಸ್ ತಾನಾಗಿ ಬದಲಾಗುತ್ತದೆ ಅಂದುಕೊಳ್ಳಬೇಡಿ, ವರ್ಗಾವಣೆ ಆದ 14 ದಿನದೊಳಗೆ ಕಂಪನಿಗೆ ಬೇರೆಯಾಗಿ ಅರ್ಜಿ ಕೊಡಬೇಕು.

ಅಪ್ಪ ಹೇಳಿದ ಖರ್ಚು ಇರೋದು ಇಲ್ಲಿ, ಅವರ ಮಾತನ್ನೂ ತೆಗೆದುಹಾಕುವಂತಿಲ್ಲ. ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ಮಾಲೀಕನದ್ದು. ಮೊದಲ ವರ್ಷಕ್ಕೆ 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50 ಪರ್ಸೆಂಟ್ ತನಕ ಹೋಗುತ್ತದೆ, ಓನ್ ಡ್ಯಾಮೇಜ್ ಭಾಗದ ಮೇಲೆ ಮಾತ್ರ. ಕಾರು ಅಪ್ಪನ ಹೆಸರಿಗೆ ಹೋದರೆ ಅವರು ಸೊನ್ನೆಯಿಂದ ಶುರು. ಪಾಲಿಸಿಯ ಉಳಿದ ತಿಂಗಳಿಗೆ ಆ ರಿಯಾಯಿತಿಯನ್ನು ವಾಪಸ್ ಕಟ್ಟಿ ಅನ್ನುತ್ತಾರೆ. ನನ್ನ ಬೋನಸ್ಸಿಗೆ ಕಂಪನಿ ಒಂದು ಪತ್ರ ಕೊಡುತ್ತದೆ, 3 ವರ್ಷದೊಳಗೆ ನಾನು ಇನ್ನೊಂದು ಕಾರು ತೆಗೆದರೆ ಅದಕ್ಕೆ ಬಳಸಬಹುದು. ಆ ಪತ್ರ ಕೇಳಿ ತೆಗೆದುಕೊಳ್ಳಿ, ತಾವಾಗಿ ಕೊಡುವವರು ಕಡಿಮೆ. ಹೆಸರು ಹಾಗೇ ಇಟ್ಟುಕೊಂಡು ಪಾಲಿಸಿ ಮುಗಿದು 90 ದಿನ ಸುಮ್ಮನಿದ್ದರಂತೂ ಬೋನಸ್ ಪೂರಾ ಹೋಗುತ್ತದೆ, ಕಾರನ್ನು ಇನ್ಸ್‌ಪೆಕ್ಷನ್‌ಗೂ ತೋರಿಸಬೇಕು. ಒಟ್ಟಿನಲ್ಲಿ ವರ್ಷಕ್ಕೆ ಒಂದಿಷ್ಟು ಜಾಸ್ತಿ ಕಟ್ಟುತ್ತೇವೆ. ನನಗೆ ಅದು ದುಬಾರಿ ಅನ್ನಿಸಲಿಲ್ಲ.

ಹೇಗೂ ಹೊಸ ಪಾಲಿಸಿ ಮಾಡುವಾಗ ನಮ್ಮ ಕಡೆಯ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗುಡ್ಡ ಕುಸಿತ, ಪ್ರವಾಹ, ಬಿರುಗಾಳಿ ಇವು ಮಾಮೂಲಿ ಓನ್ ಡ್ಯಾಮೇಜ್ ಪಾಲಿಸಿಯಲ್ಲೇ ಬರುತ್ತವೆ. ಆದರೆ ನೀರು ನಿಂತ ರಸ್ತೆಯಲ್ಲಿ ಎಂಜಿನ್ ಆಫ್ ಆಗಿ, ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಹಾಳಾದರೆ ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಅನ್ನುವ ಆಡ್-ಆನ್ ಬೇಕು. ಕೊಟ್ಟಿಗೆ ಪಕ್ಕ ನಿಲ್ಲಿಸಿದ ಕಾರಿನ ವೈರು ಇಲಿ ಕಡಿಯೋದು ಮಳೆಗಾಲದ ಮಾಮೂಲಿ. ಜರ್ಮನಿಯಲ್ಲಿ ಮುಂಗುಸಿಯಂಥ ಒಂದು ಪ್ರಾಣಿ ಇದೆ, ಮಾರ್ಡರ್ ಅಂತ, ಅದೂ ರಾತ್ರಿ ಬಾನೆಟ್ ಒಳಗೆ ಸೇರಿ ವೈರು, ಪೈಪು ಕಡಿಯುತ್ತದೆ, ಅಲ್ಲಿನ ಪಾಲಿಸಿಗಳಲ್ಲಿ "ಮಾರ್ಡರ್ ಕಡಿತ" ಅಂತಲೇ ಪ್ರಿಂಟ್ ಆಗಿರುತ್ತದೆ. ನಮ್ಮ ಪಾಲಿಸಿಯಲ್ಲಿ ಇಲಿಯ ಹೆಸರು ನಾನಂತೂ ನೋಡಿಲ್ಲ. ಏಜೆಂಟರನ್ನು ಕೇಳಿದ್ದಕ್ಕೆ ನಕ್ಕರು. ಬಾಯಿ ಮಾತು ಬೇಡ, ಈಮೇಲಿನಲ್ಲಿ ಬರೆದು ಕಳಿಸಿ ಅಂದಿದ್ದೇನೆ.

"ಜರ್ಮನಿ ಕಾರನ್ನೇ ಇಲ್ಲಿಗೆ ತರಬಾರದಾ" ಅಂತ ಕೇಳಿದವರಿಗೂ ಒಂದು ಸಾಲು: ಅಲ್ಲಿ ಸ್ಟೇರಿಂಗ್ ಎಡಕ್ಕೆ, ಇಲ್ಲಿ ಹಳೇ ಕಾರು ತರಬೇಕಾದರೆ ಸ್ಟೇರಿಂಗ್ ಬಲಕ್ಕಿರಬೇಕು, 3 ವರ್ಷಕ್ಕಿಂತ ಹಳತಾಗಿರಬಾರದು, ಕಸ್ಟಮ್ಸ್ ಸುಂಕ ಕಾರಿನ ಬೆಲೆಗಿಂತ ಜಾಸ್ತಿ. ಆ ಆಸೆ ಬಿಡಿ.

ನಮ್ಮ ಅರ್ಜಿ ಈಗ ಆರ್‌ಟಿಓದಲ್ಲಿದೆ. ಹೊಸ ಆರ್‌ಸಿ ಬಂದ ಮೇಲೆ ಅಪ್ಪನ ಹೆಸರಿನ ಪಾಲಿಸಿ, ನಾಮಿನಿ ಅಮ್ಮ. ಫಾಸ್ಟ್ಯಾಗ್ ಇನ್ನೂ ನನ್ನ ಹೆಸರಲ್ಲೇ, ನನ್ನ ಬ್ಯಾಂಕ್ ಖಾತೆಗೇ ಅಂಟಿಕೊಂಡಿದೆ, ಅದನ್ನು ಮುಚ್ಚಿ ಅಪ್ಪನ ಹೆಸರಲ್ಲಿ ಹೊಸದು ಮಾಡಿಸಬೇಕು. ಒಟಿಪಿ ಬರುವ ನನ್ನ ನಂಬರಿನ ಸಿಮ್ ಈಗ ಅಪ್ಪನ ಫೋನಿನಲ್ಲೇ ಹಾಕಿಟ್ಟಿದ್ದೇನೆ.