ಮೊದಲು ಹಿಂದಿನ ಮುಚ್ಚಳ

ಕಳೆದ ಭಾನುವಾರ ಚೀನಾದ ಟಿಯಾನ್‌ಜಿನ್‌ನಲ್ಲಿ ಹಳೆಯ ಚೀನೀ ವಾಚುಗಳನ್ನು ಕೂಡಿಟ್ಟಿರುವ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಅವರಾಡಿದ ಒಂದು ಮಾತು ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೊದಲ ವಾಚನ್ನು ಇಟ್ಟರು. ಡಯಲ್ ನೋಡಲೆಂದು ಬಗ್ಗಿದೆ. ತಕ್ಷಣ ವಾಚನ್ನು ಬೋರಲು ಹಾಕಿಬಿಟ್ಟರು. “ಮೊದಲು ಹಿಂದಿನ ಮುಚ್ಚಳ. ಮುಖ ಆಮೇಲೆ.”

ಅಲ್ಲಿ ಕಸುಬುದಾರರನ್ನು ಷೀಫು ಎಂದು ಕರೆಯುತ್ತಾರೆ, ಗುರು ಎಂಬಷ್ಟೇ ಗೌರವದ ಪದ. ನಾನೂ ಹಾಗೇ ಕರೆದೆ. ಷೀಫು ಬಹಳ ಕಟ್ಟುನಿಟ್ಟು. ಚಹಾ ಲೋಟ ಮೇಜಿನ ಹತ್ತಿರ ಬರುವಂತಿಲ್ಲ, ದೂರದ ಸ್ಟೂಲಿನ ಮೇಲೇ ಇರಬೇಕು. ಬೆರಳಿಗೆ ರಬ್ಬರ್ ಟೊಪ್ಪಿ ಹಾಕಿಕೊಳ್ಳದೆ ಏನನ್ನೂ ಮುಟ್ಟುವಂತಿಲ್ಲ. ಇಂಥವರ ಕೈಯಲ್ಲಿ ಮಾತ್ರ ಹಳೆಯ ವಸ್ತು ಉಳಿಯುತ್ತದೆ ಎಂದು ನನಗೆ ಅಲ್ಲೇ ಅನಿಸಿತು.

ಆ ಮೊದಲ ವಾಚು ಶಾಂಘೈ ಕಾರ್ಖಾನೆಯದು. ಮುಚ್ಚಳದ ಮೇಲಿನ ಚೀನೀ ಅಕ್ಷರಗಳಲ್ಲಿ ಮೊದಲ ಎರಡಕ್ಕೆ ‘ಪೂರ್ತಿ ಉಕ್ಕು’ ಎಂದರ್ಥ. ಇದಕ್ಕೆ ಎದುರಾದದ್ದು ‘ಅರ್ಧ ಉಕ್ಕು’, ಅಂದರೆ ಮುಚ್ಚಳ ಮಾತ್ರ ಉಕ್ಕು, ಮೈಯೆಲ್ಲ ಕ್ರೋಮ್ ಲೇಪದ ಹಿತ್ತಾಳೆ. ಬೆವರು ತಾಗಿ ತಾಗಿ ಪಟ್ಟಿ ಸಿಕ್ಕಿಸುವ ಕಾಲುಗಳ ಹತ್ತಿರ ಲೇಪ ಮೊದಲು ಏಳುತ್ತದೆ, ಒಳಗಿನ ಹಳದಿ ಕಾಣುತ್ತದೆ. ಮಾರುವವರು ಅದನ್ನು ಉಜ್ಜಿ ಮತ್ತೆ ಲೇಪ ಹಾಕಿಸಿದರೆ ಅಂಚುಗಳು ದುಂಡಗಾಗುತ್ತವೆ, ಅಕ್ಷರಗಳ ಆಳ ಕಮ್ಮಿಯಾಗುತ್ತದೆ. ಅದಕ್ಕೇ ಷೀಫು ಮುಚ್ಚಳದ ಅಕ್ಷರಗಳ ಮೇಲೆ ಬೆರಳಾಡಿಸಿ ನೋಡುತ್ತಾರೆ. ಪೂರ್ತಿ ಉಕ್ಕಿನ ಶಾಂಘೈ ವಾಚಿಗೆ ಒಂದು ಕಾಲದಲ್ಲಿ 120 ಯುವಾನ್, ಕಾರ್ಮಿಕನೊಬ್ಬನ ತಿಂಗಳ ಸಂಬಳ 36 ಯುವಾನ್ ಆಸುಪಾಸು. ದುಡ್ಡಿದ್ದರೂ ಸಾಲದು, ಕೂಪನ್ ಬೇಕಿತ್ತು. ಸೈಕಲ್, ಹೊಲಿಗೆ ಯಂತ್ರ, ರೇಡಿಯೊ ಜೊತೆಗೆ ಮದುವೆಗೆ ಬೇಕೇ ಬೇಕಾದ ನಾಲ್ಕರಲ್ಲಿ ವಾಚೂ ಒಂದು. ಇದೇ ಕಾರ್ಖಾನೆಯ ಮೊದಲ ಮಾದರಿ ಎ581 ಬಂದದ್ದು 1958ರಲ್ಲಿ, 58 ಆ ವರ್ಷದ ಗುರುತು. ಅಂದಿನ ಚೀನೀ ಪ್ರಧಾನಿ ಚೌ ಎನ್‌ಲಾಯ್ ಕಟ್ಟುತ್ತಿದ್ದದ್ದು ಶಾಂಘೈ ವಾಚನ್ನೇ.

ಮುಚ್ಚಳ ಬಿಚ್ಚುವುದರಲ್ಲೂ ಅವಸರವಿಲ್ಲ. ತಿರುಪಿನ ಮುಚ್ಚಳವಾದರೆ ಅದರ ಕಚ್ಚುಗಳಿಗೆ ಸರಿಯಾಗಿ ಕೂರುವ ಮೂರು ಕಾಲಿನ ಕೀಲಿಯೇ ಬೇಕು, ಎರಡು ಕಾಲಿನದು ಜಾರಿದರೆ ಅಡ್ಡಗೀರು ಖಂಡಿತ. ಒಳಗಿನ ರಬ್ಬರ್ ವಾಷರ್ ಎಷ್ಟೋ ವಾಚುಗಳಲ್ಲಿ ಕರಗಿ ಡಾಂಬರಿನಂತೆ ಅಂಟಿರುತ್ತದೆ. ಅದನ್ನು ಮರದ ಕಡ್ಡಿಯ ತುದಿಯಿಂದ ಎಬ್ಬಿಸಬೇಕು, ಚಿಮಟದಿಂದಲ್ಲ. ಒಂದು ಚೂರು, ಅತ್ತಿತ್ತ ಆಡುತ್ತ ಲಯ ಕಾಯುವ ಬ್ಯಾಲೆನ್ಸ್ ಗಾಲಿಯ ಸ್ಪ್ರಿಂಗಿನ ಸುರುಳಿ ನಡುವೆ ಬಿದ್ದರೆ ಎರಡು ಸುರುಳಿ ಅಂಟಿಕೊಂಡು ವಾಚು ದಿನಕ್ಕೆ ಹತ್ತಾರು ನಿಮಿಷ ಮುಂದೆ ಓಡುತ್ತದೆ.

‘ಮೊದಲು ಮುಚ್ಚಳ’ ಯಾಕೆ ಎಂದು ನಿಜವಾಗಿ ಅರ್ಥವಾದದ್ದು ಟೊಂಗ್‌ಜಿ ಬಂದಾಗ. 1970ರ ದಶಕದ ಆರಂಭದಲ್ಲಿ ಹಲವು ಕಾರ್ಖಾನೆಗಳ ಎಂಜಿನಿಯರುಗಳು ಕೂಡಿ ಸ್ವಿಸ್ ಎನಿಕಾರ್ ಯಂತ್ರವೊಂದನ್ನು ಆಧಾರವಾಗಿಟ್ಟು ಇಡೀ ದೇಶಕ್ಕೆ ಒಂದೇ ಯಂತ್ರ ರೂಪಿಸಿದರು, ಅದೇ ಟೊಂಗ್‌ಜಿ. ಗಾಲಿಗಳ ಅಚ್ಚು ಸವೆಯದಂತೆ ಕನಿಷ್ಠ 17 ಹರಳು, ಗಂಟೆಗೆ 21,600 ಬಡಿತ. ಪ್ರಾಂತ್ಯ ಪ್ರಾಂತ್ಯದಲ್ಲಿ ಕಾರ್ಖಾನೆಗಳೆದ್ದು ಇದನ್ನೇ ತಯಾರಿಸಿದವು. ರಿಪೇರಿಯವನಿಗೆ ಇದು ವರ. ಒಂದು ಊರಿನ ವಾಚಿನ ಮುರಿದ ಗಾಲಿಗೆ ಇನ್ನೊಂದು ಊರಿನದು ಕೂರುತ್ತದೆ. ಸಂಗ್ರಹಿಸುವವರಿಗೆ ಅದೇ ತಲೆನೋವು. ಡಯಲ್ ಒಂದು ಊರಿನದು, ಯಂತ್ರ ಇನ್ನೊಂದರದು, ಮೈ ಮೂರನೆಯದು. ಮೂರೂ ಎಷ್ಟು ಚೆನ್ನಾಗಿ ಹೊಂದುತ್ತವೆ ಎಂದರೆ ಮುಂದಿನಿಂದ ಗೊತ್ತೇ ಆಗದು. ಯಂತ್ರದ ಮೇಲೆ, ಹೆಚ್ಚಾಗಿ ಬ್ಯಾಲೆನ್ಸ್ ಗಾಲಿಯ ಅಡಿ, ಕಾರ್ಖಾನೆಯ ಸಣ್ಣ ಗುರುತು ಒತ್ತಿರುತ್ತದೆ. ಡಯಲ್ ಮೇಲಿನ ಊರಿಗೂ ಆ ಗುರುತಿಗೂ ತಾಳೆಯಾಗಬೇಕು.

ಷೀಫು ಒಂದು ಟೊಂಗ್‌ಜಿಯ ಬ್ಯಾಲೆನ್ಸನ್ನು ಮರದ ಕಡ್ಡಿಯಿಂದ ತುಸುವೇ ತಡೆದು ಹಿಡಿದರು, ಗುರುತು ಓದಿದರು, ಬಿಟ್ಟರು. ಗಾಲಿ ತಾನಾಗಿ ಮತ್ತೆ ಓಡಿತು. “ಡಯಲ್ ಸುಳ್ಳು ಹೇಳುತ್ತಿದೆ,” ಎಂದು ಅದನ್ನು ಪಕ್ಕದ ಡಬ್ಬಿಗೆ ಹಾಕಿದರು. ಆ ಡಬ್ಬಿಯಲ್ಲಿರುವುದೆಲ್ಲ ಬಿಡಿಭಾಗಕ್ಕಾಗಿ ಇಟ್ಟವು. ಕೆಂಪು ಘೋಷಣೆಯ ಡಯಲಿನವು, ಮಾವೋ ಕೈ ಬೀಸುವ ಡಯಲಿನವು ಅದರಲ್ಲಿ ಬೇಕಾದಷ್ಟಿದ್ದವು. ಆ ಕೈ ಬೀಸುವ ಡಯಲುಗಳು ಆ ಕಾಲದವೇ ಅಲ್ಲ, ಪ್ರವಾಸಿಗರಿಗೆಂದು ಆಮೇಲೆ ಅಗ್ಗದ ಯಂತ್ರಗಳಿಗೆ ಅಂಟಿಸಿದವು.

ಟಿಯಾನ್‌ಜಿನ್ ಎಂದರೆ ಷೀಫುಗೆ ಬೇರೆಯೇ ಅಭಿಮಾನ. ಚೀನಾದ ಮೊದಲ ಕೈಗಡಿಯಾರ ವೂಶಿಂಗ್, ಅಂದರೆ ಐದು ನಕ್ಷತ್ರ, 1955ರ ಮಾರ್ಚ್ 24ರಂದು ಓಡಿದ್ದು ಈ ಊರಲ್ಲೇ. ಸ್ವಿಸ್ ವಾಚೊಂದನ್ನು ಮುಂದಿಟ್ಟುಕೊಂಡು ನಾಲ್ಕು ಮಂದಿ ಕೈಯಲ್ಲೇ ಮಾಡಿದ್ದು. 1966ರ ಡೊಂಗ್‌ಫೆಂಗ್, ಅಂದರೆ ಪೂರ್ವದ ಗಾಳಿ, ಚೀನಾದವರು ತಾವೇ ವಿನ್ಯಾಸ ಮಾಡಿದ ಯಂತ್ರದ್ದು. ಅದೇ ವಾಚು 1970ರ ದಶಕದಲ್ಲಿ ರಫ್ತಿಗೆಂದು ಸೀಗಲ್ ಎಂಬ ಹೆಸರು ಹೊತ್ತಿತು. ಅವರ ಬಳಿಯ ಡೊಂಗ್‌ಫೆಂಗ್ ಡಯಲಿನಲ್ಲಿ ಆರರ ಹತ್ತಿರ ನೀರು ಹೊಕ್ಕ ಕಂದು ಕಲೆ. “ತೊಳೆಯಲಿಲ್ಲವೇ?” ಎಂದು ಕೇಳಿದೆ. ತೊಳೆದರೆ ಕಲೆಗಿಂತ ಮೊದಲು ಅಚ್ಚಿನ ಅಕ್ಷರ ಹೋಗುತ್ತದಂತೆ. ನಿಜ, ಅಕ್ಷರಗಳ ಮಸಿ ಇರುವುದು ವಾರ್ನಿಶಿನ ಮೇಲೆ. ಒದ್ದೆ ಹತ್ತಿಯ ಒಂದೇ ಒರೆತಕ್ಕೆ ಕೈಬಿಡಬಹುದು.

ಕೊನೆಗೆ ಕಪಾಟಿನಿಂದ ತೆಗೆದದ್ದು ಚೀನೀ ವಾಯುಪಡೆಯ ಕ್ರೋನೊಗ್ರಾಫ್, ಅಂದರೆ ಸ್ಟಾಪ್‌ವಾಚ್ ಕೂಡ ಇರುವ ವಾಚು. ಅದರ ಹಿನ್ನೆಲೆ ಹೀಗೆ: 1961ರಲ್ಲಿ 304 ಎಂಬ ಯೋಜನೆ ಶುರುವಾಯಿತು. ಸ್ವಿಸ್ ವೀನಸ್ ಕಂಪನಿ ತನ್ನ 175 ಯಂತ್ರದ ಹತ್ಯಾರಗಳನ್ನೇ ಮಾರಿತು, ಟಿಯಾನ್‌ಜಿನ್ ಕಾರ್ಖಾನೆ ಕೊಂಡಿತು. ಎಸ್‌ಟಿ3 ಎಂಬ ಹೆಸರಿನಲ್ಲಿ ಪೈಲಟುಗಳಿಗೆ ಸಿಕ್ಕಿದ್ದು ಸುಮಾರು 1400 ಮಾತ್ರ. ಈಗ ಮಾರುಕಟ್ಟೆಯಲ್ಲಿ ‘1963’ ಎಂದು ಸಿಗುವುದು ಇತ್ತೀಚಿನ ಎಸ್‌ಟಿ19 ಯಂತ್ರದ್ದು. ಒಳ್ಳೆಯ ವಾಚೇ, ಅದನ್ನೇ ಹಳೆಯದೆಂದು ಮಾರುವವರಿಂದ ಅದಕ್ಕೂ ಕೆಟ್ಟ ಹೆಸರು. ಗುರುತಿಸಲು ಒಂದು ದಾರಿ ಕಿವಿ. ಹಳೆಯದು ಗಂಟೆಗೆ 18,000 ಬಡಿತ, ಸೆಕೆಂಡಿಗೆ ಐದು. ಹೊಸದು 21,600, ಸೆಕೆಂಡಿಗೆ ಆರು. ಷೀಫು ಎರಡನ್ನೂ ಒಂದೊಂದಾಗಿ ಕಿವಿಗೆ ಹಿಡಿಸಿದರು. ಹಳೆಯದರದು ಸಾವಧಾನದ ನಡಿಗೆ. ಬಟನ್ ಒತ್ತಿದಾಗ ಕಂಬಗಳ ಸಣ್ಣ ಗಾಲಿ ಒಂದು ಹಲ್ಲು ತಿರುಗಿತು, ಲಿವರ್ ಕಂಬಗಳ ನಡುವಿನ ಸಂದಿಗೆ ಇಳಿಯಿತು, ಸೆಕೆಂಡ್ ಮುಳ್ಳು ಎಳ್ಳಷ್ಟೂ ಜಿಗಿಯದೆ ಹೊರಟಿತು. ಹೊರಡುವಾಗ ಮುಳ್ಳು ತುಸು ಹಾರಿದರೆ ನಡುವಿನ ಗಾಲಿ ಹಲ್ಲಿಗೆ ಹಲ್ಲು ಗುದ್ದುತ್ತಿದೆ, ಕಚ್ಚುವ ಆಳ ಸರಿಯಿಲ್ಲ ಎಂದರ್ಥ. ಆ ಆಳದ ತಿರುಪನ್ನು ಗೊತ್ತಿಲ್ಲದವರು ಮುಟ್ಟಲೇಬಾರದು.

ಕೊಳ್ಳುವವರಿಗೆ ಅವರ ಪರೀಕ್ಷೆ ಸರಳ. ಪೂರ್ತಿ ನಿಂತ ವಾಚನ್ನು ಮಲಗಿಸಿ ನಾಲ್ಕು ಸುತ್ತು ಕೀ ಕೊಡಿ. ಅಲ್ಲಾಡಿಸದೆ ಓಡಬೇಕು. ಅಲ್ಲಾಡಿಸಿದರೆ ಮಾತ್ರ ಓಡುವುದಾದರೆ ಎಣ್ಣೆ ಒಣಗಿ ಅಂಟಾಗಿದೆ. ಪೂರ್ತಿ ಕೀ ಕೊಟ್ಟು ಅಳೆಯುವ ಉಪಕರಣದಲ್ಲಿ ನೋಡಿದಾಗ ಬ್ಯಾಲೆನ್ಸಿನ ಬೀಸು 270 ಡಿಗ್ರಿ ಹತ್ತಿರವಿದ್ದರೆ ಆರೋಗ್ಯ. 200ಕ್ಕಿಂತ ಕೆಳಗಿದ್ದರೆ ತೊಳೆಸಬೇಕು, ಇಲ್ಲವೇ ಸೊರಗಿದ ಮುಖ್ಯ ಸ್ಪ್ರಿಂಗ್ ಬದಲಿಸಬೇಕು. ಬಿಚ್ಚುವ ಮುನ್ನ ಸ್ಪ್ರಿಂಗಿನ ಬಿಗಿ ಇಳಿಸಲು ಮರೆತರೆ ಗಾಲಿಗಳನ್ನು ತಡೆತಡೆದು ಬಿಡುವ ಪ್ಯಾಲೆಟ್ ತೆಗೆದ ಕ್ಷಣ ಗಾಲಿಗಳೆಲ್ಲ ಹುಚ್ಚಾಗಿ ಸುತ್ತಿ ತೆಳು ಮೊನೆಗಳು ಮುರಿಯುತ್ತವೆ. ಪ್ಯಾಲೆಟಿನ ಅಚ್ಚಿನ ಮೊನೆಗಳಿಗೆ ಎಣ್ಣೆ ಹಾಕಬಾರದು, ಅಲ್ಲಿ ಹನಿ ಬಿದ್ದರೆ ಬೀಸು ಕುಸಿಯುತ್ತದೆ.

ಹೊರಡುವ ಹೊತ್ತಿಗೆ ಅವರ ಕಣ್ಣು ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಎಚ್‌ಎಂಟಿ ಜನತಾ, ಎರಡು ವರ್ಷದ ಹಿಂದೆ ‘ಹೊಸದರಂತಿದೆ’ ಎಂಬ ಮಾತಿಗೆ ಕೊಂಡದ್ದು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ವಾಚ್ ಕಾರ್ಖಾನೆ ಶುರುವಾದದ್ದನ್ನು ಹೇಳಿದೆ. ಅವರಿಗೆ ಅದು ಗೊತ್ತಿತ್ತು! ಬಿಚ್ಚಿಕೊಟ್ಟೆ. ಬೋರಲು ಹಾಕಿದರು, ಮುಚ್ಚಳ ತೆಗೆದರು, ಯಂತ್ರವನ್ನು ಮೆಚ್ಚುಗೆಯಿಂದ ನೋಡಿದರು. ಆಮೇಲೆ ತಿರುಗಿಸಿ ಕಣ್ಣಿಗೆ ಗ್ಲಾಸ್ ಏರಿಸಿದರು. ಹನ್ನೆರಡರ ಗುರುತಿಗೂ ನಿಮಿಷದ ಗೆರೆಗೂ ಕೂದಲೆಳೆಯಷ್ಟು ವ್ಯತ್ಯಾಸ. ಅಕ್ಷರಗಳ ಮೈ ದಪ್ಪ. ಮುಳ್ಳಿನ ತೂತಿನ ಅಂಚಿನಲ್ಲಿ ಬಣ್ಣದ ದಿಬ್ಬ. ಏನೂ ಹೇಳಲಿಲ್ಲ, ಗ್ಲಾಸನ್ನು ನನ್ನ ಕೈಗೆ ಕೊಟ್ಟರು.

ನಮ್ಮಲ್ಲಿ ಎಷ್ಟು ಜನತಾಗಳು, ಎಚ್‌ಎಂಟಿಯ ಇನ್ನೊಂದು ಮಾದರಿಯಾದ ಪೈಲಟ್‌ಗಳು ಹೀಗೆ ಬಣ್ಣ ಬಳಿಸಿಕೊಂಡು, ಕಾರ್ಖಾನೆ ಎಂದೂ ಮಾಡದ ಡಯಲ್ ಹೊತ್ತು ಮಾರಾಟವಾಗುತ್ತಿವೆ! 2016ರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆಗಳನ್ನು ಮುಚ್ಚುವ ನಿರ್ಧಾರ ಬಂದ ಮೇಲೆ ಈ ವ್ಯಾಪಾರವನ್ನು ತಡೆಯುವವರೇ ಇಲ್ಲ. ಹಾಳಾಗುತ್ತಿರುವುದು ಒಂದು ಡಯಲ್ ಅಲ್ಲ. ತುಮಕೂರಿನಲ್ಲಿ, ಬೆಂಗಳೂರಿನಲ್ಲಿ ಕೈಯಿಂದ ಕೂರಿಸಿದ್ದು ಹೇಗಿತ್ತೆಂಬ ಸಾಕ್ಷಿ. ಕಲೆ ಇರುವ ಮೂಲ ಡಯಲ್ ಬೇಡ, ಹೊಳೆಯುವುದೇ ಬೇಕು ಎನ್ನುವವರೂ ಇದಕ್ಕೆ ಹೊಣೆ, ಮಾರುವವರಷ್ಟೇ.

ಷೀಫು ತಮ್ಮ ಪ್ರತಿಯೊಂದು ವಾಚಿನ ಅಡಿಯಲ್ಲೂ ಒಂದು ಚೀಟಿ ಇಟ್ಟಿದ್ದಾರೆ. ಮುಚ್ಚಳ, ಯಂತ್ರ, ಡಯಲ್, ಮೂರು ಸಾಲು. ನನ್ನ ಜನತಾದ ಮುಚ್ಚಳ ಕೂರಿಸಿ ಮತ್ತೆ ಬಿಗಿ ಮಾಡಿದರು. ಖಾಲಿ ಚೀಟಿಯೊಂದನ್ನು ತೆಗೆದು ಬರೆದರು. ಮೊದಲ ಎರಡು ಸಾಲಿನ ಮುಂದೆ ‘ಮೂಲ’. ಮೂರನೆಯದರ ಮುಂದೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆ ಸಾಲನ್ನು ಖಾಲಿ ಬಿಟ್ಟು, ಮಡಿಸಿ, ವಾಚಿನ ಜೊತೆ ನನ್ನ ಕೈಗಿಟ್ಟರು.